ನೆಗಡಿಗೆ ಮೂಗು ಕೊಯ್ಯುವ ದೀಪನೀತಿ

ಬೆಂಗಳೂರಿನ ಬಸವನಗುಡಿಗೆ ಹೊಂದಿಕೊಂಡಿರುವ ತ್ಯಾಗರಾಜನಗರದಂತಹ ಹಳೆಯ ಬಡಾವಣೆಯಲ್ಲಿ, ಗೇಟಿನ ಮೇಲಿನ ಸೋಡಿಯಂ ಕಾವಲು ದೀಪ ಒಂದು ಸಂಜೆ ಹೊತ್ತಿಕೊಳ್ಳದಿದ್ದರೆ ಏನಾಗುತ್ತದೆ? ಬಹುಮಟ್ಟಿಗೆ ಇಡೀ ದೀಪ ಕೆಳಗಿಳಿದು ಗುಜರಿಗೆ ಹೋಗುತ್ತದೆ. ಅದರ ಜಾಗಕ್ಕೆ ಹೊಸದು ಬರುತ್ತದೆ. ಕೆಟ್ಟಿದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಡಬ್ಬಿ ಮಾತ್ರ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಪದ್ಧತಿ ಈಗ ಮಲೆನಾಡಿನ ಹಳ್ಳಿಗಳಿಗೂ ಬಂದು ತಲುಪಿದೆ.

ಸೋಡಿಯಂ ದೀಪದ ರಚನೆ ಸರಳ. ಬಲ್ಬಿನೊಳಗಿನ ಪುಟ್ಟ ಕೊಳವೆಯಲ್ಲಿ ಸೋಡಿಯಂ, ಪಾದರಸ ಮತ್ತು ಅನಿಲ ತುಂಬಿರುತ್ತವೆ. ಮನೆಗೆ ಬರುವ 230 ವೋಲ್ಟ್ ವಿದ್ಯುತ್ತು ಅದನ್ನು ಹೊತ್ತಿಸಲಾರದು. ಇಗ್ನೈಟರ್ ಎಂಬ ಸ್ಟಾರ್ಟರ್ ಕ್ಷಣಕಾಲ ಸಾವಿರಾರು ವೋಲ್ಟುಗಳ ಮಿಡಿತ ಕೊಟ್ಟು ಅದನ್ನು ಹೊತ್ತಿಸಿ, ಬಳಿಕ ಸುಮ್ಮನಾಗುತ್ತದೆ. ಅಲ್ಲಿಂದ ಮುಂದೆ ವಿದ್ಯುತ್ ಪ್ರವಾಹಕ್ಕೆ ಕಡಿವಾಣ ಹಾಕುವುದು ಚೋಕ್.

ದೋಷದ ಮೂಲವನ್ನು ಹುಡುಕಲು ಕ್ರಮವೊಂದಿದೆ. ದೀಪ ಹೊತ್ತಿ, ಕೆಲವು ನಿಮಿಷಗಳಲ್ಲಿ ಆರಿ, ಮತ್ತೆ ಹೊತ್ತುತ್ತಿದ್ದರೆ ಸಾಮಾನ್ಯವಾಗಿ ಬಲ್ಬಿಗೆ ವಯಸ್ಸಾಗಿದೆ. ಸ್ವಲ್ಪವೂ ಹೊತ್ತದಿದ್ದರೆ ಮೊದಲು ವಿದ್ಯುತ್ ಬರುತ್ತಿದೆಯೇ ಎಂದು ಪರೀಕ್ಷಿಸಿ, ನಂತರ ಸುಸ್ಥಿತಿಯ ಬಲ್ಬನ್ನು ಹಾಕಿ ನೋಡಬೇಕು. ಆಗಲೂ ಹೊತ್ತದಿದ್ದರೆ ಸಂಶಯ ಇಗ್ನೈಟರಿನ ಮೇಲೆ. ಬಲ್ಬಿನ ವ್ಯಾಟಿಗೆ ಹೊಂದುವ ಇಗ್ನೈಟರನ್ನೇ ಹಾಕಬೇಕು. ಮುಖ್ಯ ಸ್ವಿಚ್ ಆರಿಸದೆ ಮುಚ್ಚಳ ತೆಗೆಯಬಾರದು. ಸಾಧಾರಣ ಮೀಟರಿನಿಂದ ಮಿಡಿತವನ್ನು ಅಳೆಯಹೊರಟರೆ ಮೀಟರು ಸುಡುತ್ತದೆ, ಕೈಗೂ ಅಪಾಯ. ಆದುದರಿಂದ ಇದು ಬಲ್ಲ ಎಲೆಕ್ಟ್ರಿಷಿಯನ್‌ನ ಕೆಲಸ. ಸತ್ತ ಬಲ್ಬನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ರಾತ್ರಿಯಿಡೀ ಮಿಡಿದು ಮಿಡಿದು ಇಗ್ನೈಟರೂ ಕೆಡುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕರೆಂಟು ಹೋಗಿ ಬಂದೊಡನೆ ಬಿಸಿಯಾದ ಸೋಡಿಯಂ ದೀಪ ಹೊತ್ತುವುದಿಲ್ಲ. ತಣಿಯಲು ಒಂದೆರಡು ನಿಮಿಷ ಬೇಕು. ಅದು ರೋಗವಲ್ಲ, ಅದರ ಸ್ವಭಾವ. ಮಳೆಗಾಲದಲ್ಲಿ ಹಳೆಯ ರಬ್ಬರ್ ಪಟ್ಟಿ ಬಿರುಕುಬಿಟ್ಟು ಒಳಗೆ ತೇವ ಸೇರಿದರೆ ಮಾತ್ರ ನಿಜವಾದ ತೊಂದರೆ. ಚಿಕ್ಕ ಪಟ್ಟಿಯೊಂದನ್ನು ಬದಲಿಸಿದರೆ ದೀಪ ಉಳಿಯುತ್ತದೆ.

ಹಾಗೆಂದು ಸೋಡಿಯಂ ದೀಪವನ್ನೇ ಶಾಶ್ವತವಾಗಿ ಉಳಿಸಿಕೊಳ್ಳಬೇಕೆಂಬುದು ಇಲ್ಲಿನ ವಾದವಲ್ಲ. ಎಲ್‌ಇಡಿ ಅದಕ್ಕಿಂತ ಬಹಳ ಕಡಿಮೆ ವಿದ್ಯುತ್ತಿನಲ್ಲಿ ಬೆಳಕು ಕೊಡುತ್ತದೆ, ಪಾದರಸವೂ ಅದರಲ್ಲಿಲ್ಲ. ಬಲ್ಬಿನ ಆಯುಸ್ಸು ಮುಗಿದಾಗ ಎಲ್‌ಇಡಿಗೆ ಬದಲಾಗುವುದು ವಿವೇಕ. ಆದರೆ ಎಲ್‌ಇಡಿಯಲ್ಲೂ ಅನೇಕ ವೇಳೆ ಮೊದಲು ಕೆಡುವುದು ಬೆಳಕಿನ ಭಾಗವಲ್ಲ, ಅದರ ಡ್ರೈವರ್. ಅಗ್ಗದ ದೀಪಗಳಲ್ಲಿ ಅದನ್ನು ತೆರೆಯಲಾಗದಂತೆ ಅಂಟಿಸಿರುತ್ತಾರೆ. ಇಗ್ನೈಟರನ್ನು ಬಿಚ್ಚಿ ಬದಲಿಸಬಹುದಾಗಿದ್ದ ಕಾಲದಿಂದ, ಇಡೀ ದೀಪವನ್ನೇ ಎಸೆಯುವ ಕಾಲಕ್ಕೆ ಬಂದು ನಿಂತಿರುವುದನ್ನು ಪ್ರಗತಿ ಎನ್ನಬಹುದೇ?

1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಶಿವನಸಮುದ್ರದ ಕಾವೇರಿಯಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳೇ ನೀರಿನಡಿ ಸೇರಿದವು. ಬೆಳಕಿಗೆ ಬೆಲೆ ತೆತ್ತ ಮಲೆನಾಡಿನವರಿಗೆ ದೀಪದ ಬೆಲೆ ತಿಳಿಯದಿರಬಾರದು.

ಇಲೆಕ್ಟ್ರಾನಿಕ್ ತ್ಯಾಜ್ಯದ ನಿಯಮಗಳು 2022ರಲ್ಲಿ ಪರಿಷ್ಕೃತಗೊಂಡವು. ಅದೇ ವರ್ಷ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿನ ಕುರಿತು ಜಾಲತಾಣವನ್ನೂ ಆರಂಭಿಸಿತು. ಕಾಗದದ ಮೇಲಿನ ಹಕ್ಕು ಊರಿಗೆ ಇಳಿಯಬೇಕಾದರೆ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಏಳಬೇಕು: ಪಂಚಾಯಿತಿ ಕೊಳ್ಳುವ ಬೀದಿದೀಪದ ಡ್ರೈವರನ್ನು ಬಿಚ್ಚಿ ಬದಲಿಸಬಹುದೇ, ಬಿಡಿಭಾಗ ತಾಲ್ಲೂಕಿನಲ್ಲಿ ಸಿಗುತ್ತದೆಯೇ? ಉತ್ತರ ಇಲ್ಲವೆಂದಾದರೆ ಆ ದೀಪ ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಐಟಿಐ ಕಲಿಯುವ ಊರಿನ ಮಕ್ಕಳ ಕೈಗೆ ದುರಸ್ತಿಯ ಕೆಲಸ ಸಿಕ್ಕರೆ, ಕಸವೂ ತಗ್ಗುತ್ತದೆ, ಊರಿನಲ್ಲಿ ದುಡಿಮೆಯೂ ಉಳಿಯುತ್ತದೆ.