ಲೆಕ್ಕಕ್ಕೆ ಸಿಗದ ನಡುಮನೆ

ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡಿಗೂ ವೇಳೆ ಕಟ್ಟಿ, ಪೋಲಾಗುವುದನ್ನು ತಡೆಯುವ ವಿದ್ಯೆಗೆ ಈಗ ಬಿಸಿನೆಸ್ ಪ್ರೊಸೆಸ್ ಮ್ಯಾನೇಜ್‌ಮೆಂಟ್ ಎಂಬ ದೊಡ್ಡ ಹೆಸರಿದೆ. ಗಡಿಯಾರ ಹಿಡಿದು ಕೂಲಿಯವನ ಕೈಚಲನೆ ಅಳೆದ ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲೇ ಇದರ ತಳಹದಿಯನ್ನು ಪುಸ್ತಕವಾಗಿಸಿದ್ದರು. ಯೋಚನೆಯನ್ನು ಮೇಲಿನವರು ಇಟ್ಟುಕೊಂಡು ದುಡಿಮೆಯನ್ನಷ್ಟೇ ಕೆಳಗಿನವರಿಗೆ ಬಿಡುವ ವ್ಯವಸ್ಥೆ ಇದೆಂದು 1974ರಲ್ಲಿ ಹ್ಯಾರಿ ಬ್ರೇವರ್‌ಮನ್ ಟೀಕಿಸಿದರು.

ಈ ವಿದ್ಯೆ ನಮ್ಮ ಮೊಹಲ್ಲಾಗಳಿಗೆ ಹೊಸದಲ್ಲ. ಬೀಡಿ ಉದ್ಯಮ ಎಂದೋ ಇದನ್ನು ಕರಗತ ಮಾಡಿಕೊಂಡಿದೆ. ಮಾಲೀಕ ಎಲೆ, ಹೊಗೆಸೊಪ್ಪು, ದಾರವನ್ನು ಗುತ್ತಿಗೆದಾರನಿಗೆ ಕೊಡುತ್ತಾನೆ. ಗುತ್ತಿಗೆದಾರ ಅದನ್ನು ಮನೆ ಮನೆಗೆ ಹಂಚುತ್ತಾನೆ. ಕಟ್ಟಡ, ದೀಪ, ನೀರು, ಕೂರುವ ಚಾಪೆ ಎಲ್ಲವೂ ಹೆಂಗಸಿನದು. ಕೂಲಿ ಮಾತ್ರ ಸಾವಿರ ಬೀಡಿಗೆ ಇಷ್ಟು ಎಂದು.

ನನ್ನ ಅಮ್ಮಿ ರಾತ್ರಿ ಎಲೆ ನೆನೆಸಿಟ್ಟು ಮಲಗುತ್ತಿದ್ದಳು. ಬೆಳಗಾದರೆ ಎಲೆ ಕತ್ತರಿಸುವವಳು ಅಕ್ಕ, ಕಟ್ಟುವವಳು ಅಮ್ಮಿ, ತುದಿ ಮಡಚುವವರು ನಾವು ಮಕ್ಕಳು. ಪಾಸ್‌ಬುಕ್ಕಿನಲ್ಲಿದ್ದದ್ದು ಒಂದೇ ಹೆಸರು. ಸಂಜೆ ಗುತ್ತಿಗೆದಾರ ಹಿಡಿಹಿಡಿಯಾಗಿ ಬೀಡಿ ತೆಗೆದು ಪಕ್ಕಕ್ಕೆಸೆಯುತ್ತಿದ್ದ. ಅವಕ್ಕೆ ಕೂಲಿ ಇಲ್ಲ. ಆದರೆ ಅವು ಮರಳಿ ನಮ್ಮ ಕೈಗೂ ಬರುತ್ತಿರಲಿಲ್ಲ. ಪೋಲು ತಡೆಯುವ ಈ ವಿದ್ಯೆಯಲ್ಲಿ ಪೋಲಾದದ್ದು ಯಾರ ದಿನ?

ಸಂಶೋಧಕರಿಗೂ ನನ್ನದೊಂದು ತಕರಾರಿದೆ. ಅವರು ಬಿಡಿಸುವ ನಕ್ಷೆ ಗುತ್ತಿಗೆದಾರನ ಬಾಗಿಲಲ್ಲೇ ನಿಂತುಬಿಡುತ್ತದೆ. ಬೀಡಿ ಎಣಿಸುತ್ತಾರೆ, ಗಂಟೆ ಎಣಿಸುವುದಿಲ್ಲ. ಒಂದು ಕೂಲಿಯ ಹಿಂದೆ ಎಷ್ಟು ಕೈಗಳಿವೆ ಎಂದು ಕೇಳದವರು ಸಮಾನತೆಯನ್ನು ಅಳೆಯುವುದಾದರೂ ಹೇಗೆ?

ಕಾನೂನು ಸುಮ್ಮನಿರಲಿಲ್ಲ. ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ನೌಕರಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಹೇಳಿತು. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೊಳಗೆ ಆ ಕಾಯ್ದೆ ಕರಗಿಹೋಗಿದೆ. ಮನೆಗೆಲಸಗಾರರನ್ನಲ್ಲ, ಮನೆಯಲ್ಲೇ ಕೂತು ಉದ್ಯಮಕ್ಕೆ ದುಡಿಯುವವರನ್ನು ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ ಒಡಂಬಡಿಕೆಗೆ ಭಾರತ ಇನ್ನೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ.

ಇನ್ನು ನಮ್ಮವರ ಮಾತು. ದುಡಿಯುವ ಮುಸ್ಲಿಂ ಹೆಂಗಸರಲ್ಲಿ ಶೇ. 70ರಷ್ಟು ಮಂದಿ ಮನೆಯೊಳಗೇ ದುಡಿಯುತ್ತಾರೆಂದು 2006ರ ಸಾಚಾರ್ ವರದಿ ತೋರಿಸಿತು. ವರದಿ ಹಿಡಿದು ಸರ್ಕಾರವನ್ನು ಬೈದೆವು; ಬೈಯಬೇಕಾದ್ದೇ. ಆದರೆ ಆ ಹೆಂಗಸಿನ ಬೀಡಿ ಎಣಿಸುವ ಗುತ್ತಿಗೆದಾರ ಎಷ್ಟೋ ಕಡೆ ನಮ್ಮವನೇ ಅಲ್ಲವೆ? 'ಮನೆಯಲ್ಲೇ ಕೂತು ಮಾನವಾಗಿ ದುಡಿಯುತ್ತಾಳೆ' ಎಂದು ಹೊಗಳುವವರೂ ನಾವೇ. ಮಾನದ ಹೆಸರಿನಲ್ಲಿ ಅವಳನ್ನು ಒಳಗಿಟ್ಟವರು ನಾವು, ಅಗ್ಗದ ದರದಲ್ಲಿ ಅದನ್ನು ಕೊಂಡವನು ಮಾಲೀಕ.

ಬೀಡಿ ಇಲ್ಲದಿದ್ದರೆ ನಮ್ಮ ಮನೆಯ ಒಲೆ ಉರಿಯುತ್ತಿರಲಿಲ್ಲ, ನಿಜ. ನಾನು ಓದಿದ್ದೂ ಅದೇ ದುಡ್ಡಿನಲ್ಲಿ. ಹಾಗೆಂದೇ ಈ ಲೆಕ್ಕ ಕೇಳುವ ಋಣ ನನ್ನ ಮೇಲಿದೆ. ಪ್ರತಿ ಕೈಗೂ ಅದರದೇ ಪಾಸ್‌ಬುಕ್ಕು, ತೆಗೆದಿಟ್ಟ ಪ್ರತಿ ಬೀಡಿಗೂ ಕಾರಣ ಸಹಿತ ಚೀಟಿ, ನೆನೆಸಿದ ಎಲೆಯ ರಾತ್ರಿಗೂ ಬೆಲೆ: ಇಷ್ಟನ್ನು ಬರೆದುಕೊಳ್ಳಲಾಗದ ನಿರ್ವಹಣಾ ಶಾಸ್ತ್ರ ಮಾಲೀಕನ ಜಮಾಖರ್ಚು ಮಾತ್ರ. ಅದನ್ನು ವಿಜ್ಞಾನವೆಂದು ನಮ್ಮ ಮಕ್ಕಳಿಗೆ ಕಲಿಸಬೇಡಿ.