ಬಿಚ್ಚುವುದು ಸುಲಭ, ಜೋಡಿಸುವುದೇ ವಿದ್ಯೆ

ಕಲಾ ವಿಭಾಗದ ವಿದ್ಯಾರ್ಥಿಗೆ ಗ್ರೀಸು ಮೆತ್ತಿದ ಕೈ ಒಪ್ಪದೆಂಬ ಒಂದು ನಂಬಿಕೆ ನಮ್ಮಲ್ಲಿ ಉಂಟು. ಕಳೆದ ಬೇಸಗೆಯ ರಜದಲ್ಲಿ ಮನೆಯ ಹಳೆಯ ಜಾವಾ ಮೋಟಾರು ಸೈಕಲಿನ ಎಂಜಿನ್ನನ್ನು ಬಿಚ್ಚಿ ಮರಳಿ ಕಟ್ಟಿದ ಮೇಲೆ, ಆ ನಂಬಿಕೆ ತಪ್ಪೆಂದು ನನಗೆ ಮನವರಿಕೆಯಾಯಿತು.

ಜಾವಾ ಮೂಲತಃ ಚೆಕೊಸ್ಲೊವಾಕಿಯಾ ದೇಶದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅದನ್ನು ಇಲ್ಲಿಯೇ ತಯಾರಿಸತೊಡಗಿತು. ಮುಂದೆ ಅದಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಆ ಗಾಡಿಗಳು ಇಂದಿಗೂ ರಸ್ತೆಯ ಮೇಲಿವೆ. ಅವನ್ನು ಉಳಿಸಿದವರು ಊರೂರಿನ ಮೆಕ್ಯಾನಿಕ್ಕುಗಳು.

ಈ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ. ಸಿಲಿಂಡರಿನ ಸುತ್ತಲಿನ ತೆಳು ರೆಕ್ಕೆಗಳ ನಡುವೆ ಹಾಯುವ ಗಾಳಿಯೇ ಅದನ್ನು ತಣಿಸಬೇಕು. ಹೀಗೆಯೇ ಗಾಳಿಯಿಂದ ತಣಿಯುವ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಒಂದು ಫ್ಯಾನಾದರೂ ಉಂಟು. ಜಾವಾಕ್ಕೆ ಅದೂ ಇಲ್ಲ. ಓಡಿದರೆ ಗಾಳಿ, ಗಾಳಿಯಿದ್ದರೆ ತಂಪು. ವರ್ತೂರು ಕೋಡಿಯ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಅದರ ಪಾಡೇನೆಂಬುದನ್ನು ವಾಚಕರೇ ಊಹಿಸಬಹುದು.

ಬಿಚ್ಚಲು ಅರ್ಧ ದಿನ ಸಾಕಾಯಿತು. ಜೋಡಿಸಲು ರಜವೆಲ್ಲ ಬೇಕಾಯಿತು. ಟೂ ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ರಿಂಗಿನ ತುದಿಗಳು ತಿರುಗಿ ಆ ಕಿಂಡಿಗಳಿಗೆ ಸಿಕ್ಕದಿರಲೆಂದು ಪಿಸ್ಟನ್ನಿನ ಗಾಡಿಯಲ್ಲಿ ಒಂದು ಸಣ್ಣ ಪಿನ್ನು ಇಟ್ಟಿರುತ್ತಾರೆ. ನಾನು ಅದನ್ನು ಲೆಕ್ಕಿಸದೆ ಸಿಲಿಂಡರನ್ನು ಒತ್ತಿದೆ. ರಿಂಗು ಟಪ್ಪೆಂದು ಮುರಿಯಿತು. ಪರೀಕ್ಷೆಯಲ್ಲಿ ಅರ್ಧ ತಿಳಿದುದಕ್ಕೂ ಅರ್ಧ ಅಂಕ ಸಿಗುತ್ತದೆ. ಎಂಜಿನ್ನು ಅಂಥ ದಾಕ್ಷಿಣ್ಯ ತೋರುವುದಿಲ್ಲ.

ಹೊಸ ರಿಂಗು ಹಾಕಿ ಕಿಕ್ ಹೊಡೆದಾಗ ಎಂಜಿನ್ನು ಹೊರಟಿತೇನೋ ನಿಜ. ಆದರೆ ತನ್ನಷ್ಟಕ್ಕೆ ತಾನೇ ವೇಗವೇರಿ ಕಾದುಹೋಗುತ್ತಿತ್ತು. ಊರಿನ ಹಿರಿಯ ಮೆಕ್ಯಾನಿಕ್ಕೊಬ್ಬರು ದೂರದಿಂದಲೇ ಸದ್ದು ಕೇಳಿ, "ಎಲ್ಲೋ ಕಳ್ಳಗಾಳಿ ಎಳೀತಿದೆ ಕಣಪ್ಪ, ಸೀಲು ನೋಡು" ಎಂದರು. ನೋಡಿದರೆ ಅದೇ ನಿಜ! ಟೂ ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿಗಳ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಅನಂತರ ಮೇಲೇರುತ್ತದೆ. ಅಲ್ಲಿ ಬೇರೆ ಗಾಳಿ ನುಸುಳಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ನು ಕಾಯುತ್ತದೆ. ನೋಡಲು ಚೆನ್ನಾಗಿಯೇ ಇದೆಯೆಂದು ಹಳೆಯ ಆಯಿಲ್ ಸೀಲನ್ನೇ ನಾನು ಹಾಕಿದ್ದೆ. ಮತ್ತೆ ಎಲ್ಲವನ್ನೂ ಬಿಚ್ಚಬೇಕಾಯಿತು.

ಆ ಹಿರಿಯರ ಜ್ಞಾನವನ್ನು ನಾವು ಯಾವ ಲೆಕ್ಕಕ್ಕೆ ಸೇರಿಸಿದ್ದೇವೆ? ಅದು ಅವರ ಕಿವಿಯಲ್ಲಿದೆ, ಬೆರಳ ತುದಿಯಲ್ಲಿದೆ, ಕಾಗದದ ಮೇಲಿಲ್ಲ. ಅವರ ಮಗ ಈ ಕಸುಬಿಗೆ ಬರಲಿಲ್ಲ. ಅವರೊಂದಿಗೆ "ಕಳ್ಳಗಾಳಿ"ಯಂಥ ಸೊಗಸಾದ ಮಾತೂ ಮರೆಯಾಗಬಹುದು.

ಹೊಗೆಯುಗುಳುವ ಹಳೆಯ ಗಾಡಿಯ ಮೇಲೆ ಇಷ್ಟೇಕೆ ಮೋಹವೆಂದು ಕೆಲವರು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಎಲ್ಲರೂ ಜಾವಾ ಓಡಿಸಬೇಕೆಂಬುದು ನನ್ನ ವಾದವಲ್ಲ. ಶಾಸನಗಳನ್ನು ಓದುವ ಚರಿತ್ರೆಯ ವಿದ್ಯಾರ್ಥಿ ಮೈಸೂರಿನ ಒಂದು ಕಾರ್ಖಾನೆಯ ಚರಿತ್ರೆಯನ್ನೂ ಕೇಳಿ ಬರೆದುಕೊಳ್ಳಲಿ; ಕನ್ನಡದ ವಿದ್ಯಾರ್ಥಿ ಗ್ಯಾರೇಜಿನ ಪದಗಳನ್ನು ಸಂಗ್ರಹಿಸಲಿ. ವರ್ಷಕ್ಕೊಬ್ಬ ಕಸುಬುದಾರರ ಅನುಭವಕ್ಕೆ ಈ ಸಂಚಿಕೆಯಲ್ಲಿ ಎರಡು ಪುಟ ಮೀಸಲಿಡುವಂತೆ ಅಧ್ಯಾಪಕರಲ್ಲಿ ನನ್ನ ವಿನಂತಿ. ಮೊದಲ ಬರಹವನ್ನು ನಾನೇ ತಂದುಕೊಡುತ್ತೇನೆ. ಆ ಹಿರಿಯರು ಭಾನುವಾರ ಬರಹೇಳಿದ್ದಾರೆ.