ಆಟದ ಏಟು, ಪಾಠದ ಏಟು

ಏಟು ತಿನ್ನುವುದಕ್ಕಾಗಿ ಮನುಷ್ಯನು ತಾನಾಗಿಯೇ ಮುಂದೆ ಬಂದು ಕೈಯೊಡ್ಡುವನೆಂದರೆ ವಾಚಕರು ನಗಬಹುದು. ಆದರೆ ಇಂತಹದೊಂದು ಆಟವೇ ಉಂಟು. ಜರ್ಮನಿಯ ಕಲೋನ್ ನಗರದಲ್ಲಿ ಫೋಲ್ಕರ್ ಮೊರಾವೆ ಮತ್ತು ಟಿಲ್‌ಮನ್ ರೈಫ್ ಎಂಬ ಇಬ್ಬರು ಕಲಾವಿದರು 2001ರಲ್ಲಿ ಒಂದು ಯಂತ್ರವನ್ನು ಕಟ್ಟಿದರು. ಅದಕ್ಕೆ ‘ಪೇನ್‌ಸ್ಟೇಷನ್’ ಎಂದು ಹೆಸರಿಟ್ಟರು. ಸೋನಿ ಸಂಸ್ಥೆಯ ‘ಪ್ಲೇಸ್ಟೇಷನ್’ ಆಟದ ತಾಣವಾದರೆ, ಇದು ನೋವಿನ ತಾಣ!

ಯಂತ್ರದೊಳಗಿನ ಆಟವೇನೂ ಹೊಸದಲ್ಲ. 1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಹೊರತಂದ ‘ಪಾಂಗ್’ ಎಂಬ ಸರಳವಾದ ಚೆಂಡಾಟವೇ ಅದು. ಇಬ್ಬರು ಎದುರುಬದುರಾಗಿ ನಿಂತು ಬಲಗೈಯಿಂದ ತೆರೆಯ ಮೇಲಿನ ಚೆಂಡನ್ನು ತಡೆಯಬೇಕು. ಎಡಗೈಯನ್ನು ಒಂದು ಫಲಕದ ಮೇಲೆ ಊರಿರಬೇಕು. ಚೆಂಡು ತಪ್ಪಿತೋ, ಆ ಎಡಗೈಗೆ ಬಿಸಿಯೋ, ವಿದ್ಯುತ್ತಿನ ಚುರುಕೋ, ಪುಟ್ಟ ಚಾಟಿಯ ಏಟೋ ಕಾದಿರುತ್ತದೆ. ನೋವು ತಾಳಲಾರದೆ ಯಾವನು ಮೊದಲು ಕೈಯೆತ್ತುವನೋ ಅವನೇ ಸೋತವನು. ಚೆಂಡಾಟದ ಜಾಣ್ಮೆಗಿಂತಲೂ ಚರ್ಮದ ಸಹನೆಗೇ ಇಲ್ಲಿ ಬೆಲೆ ಹೆಚ್ಚು. ಬರ್ಲಿನ್ನಿನ ಕಂಪ್ಯೂಟರ್ ಆಟಗಳ ವಸ್ತುಸಂಗ್ರಹಾಲಯವೂ ಈ ಯಂತ್ರಕ್ಕೆ ಸ್ಥಳ ಕೊಟ್ಟಿತು.

ಇದನ್ನು ವಿಕೃತಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಗೋಲಿಯಾಟದಲ್ಲಿ ಸೋತು ಬೆರಳಿನ ಗೆಣ್ಣಿಗೆ ಏಟು ತಿಂದ ಹುಡುಗರು ನಮ್ಮಲ್ಲಿ ಇಲ್ಲವೆ? ಸೋಲಿಗೆ ಒಂದಿಷ್ಟು ಉರಿ ಸೇರಿದರೆ ಗೆಲುವಿಗೆ ರುಚಿ ಬರುವುದೆಂಬುದು ಬಹಳ ಹಿಂದಿನ ಅನುಭವ. ಯಂತ್ರವು ಹೊಸದು, ಮನುಷ್ಯ ಸ್ವಭಾವವು ಹಳೆಯದು.

ಇದಕ್ಕಿಂತಲೂ ಮುಂದಕ್ಕೆ ಹೋದವರು ಅಮೆರಿಕದ ರಾಬರ್ಟ್ ಯಾಂಗ್. 2014ರಲ್ಲಿ ಅವರು ರಚಿಸಿದ ‘ಹರ್ಟ್ ಮಿ ಪ್ಲೆಂಟಿ’ ಎಂಬ ಕಿರು ಆಟದಲ್ಲಿ, ಆಟಗಾರನು ತೆರೆಯ ಮೇಲಿನ ಒಬ್ಬ ವಯಸ್ಕನ ಪೃಷ್ಠಕ್ಕೆ ಏಟು ಕೊಡಬೇಕು. ವಿಷಯವನ್ನು ಕೇಳಿ ಹುಬ್ಬುಗಂಟಿಕ್ಕುವವರು ಅದರ ನಿಯಮವನ್ನೂ ಕೇಳಬೇಕು. ಏಟಿಗೆ ಮೊದಲು ಇಬ್ಬರೂ ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ಏಟು ಮುಗಿದ ಬಳಿಕ ಸಂತೈಸಬೇಕು. ಮಿತಿಯನ್ನು ಮೀರಿದರೆ ಆ ತೆರೆಯ ಮನುಷ್ಯನು ಮುನಿದು, ಕೆಲವು ದಿನಗಳವರೆಗೆ ಆಟಗಾರನ ಮುಖವನ್ನೇ ನೋಡಲೊಲ್ಲನು. ಯಂತ್ರವನ್ನು ಎಷ್ಟು ಕುಟ್ಟಿದರೂ ಫಲವಿಲ್ಲ. ನಗೆಯಾಟವೊಂದು ಇಷ್ಟು ಬಿಗಿಯಾದ ನೀತಿಯನ್ನು ಇಟ್ಟುಕೊಂಡಿರುವುದು ವಿಚಾರಾರ್ಹವಾಗಿದೆ.

ಈಗ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದು ಕ್ಷಣ ತಮ್ಮ ತರಗತಿಯ ಬೆತ್ತವನ್ನು ನೆನೆಯಬೇಕು. ದಂಡನೆಗೆ ಹತ್ತು ಗುಣಗಳುಂಟೆಂದು ಹಿರಿಯರು ಹೇಳುತ್ತಿದ್ದರು. ಆದರೆ ಮೇಲಿನ ಎರಡು ಆಟಗಳಲ್ಲಿರುವ ಗುಣಗಳು ಬೆತ್ತದಲ್ಲಿ ಒಂದಾದರೂ ಇದ್ದುವೆ? ಕಲೋನಿನ ಆಟಗಾರನು ಬೇಡವೆನಿಸಿದರೆ ಕೈಯೆತ್ತಬಹುದು, ಸೋಲುವನು, ಅಷ್ಟೇ. ಮಗುವು ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ಇನ್ನೆರಡು ಏಟು ಹೆಚ್ಚಾಗುತ್ತಿತ್ತು. ಆಟದಲ್ಲಿ ಇಬ್ಬರೂ ಸಮಾನರು, ಇಬ್ಬರಿಗೂ ಏಟಿನ ಭಯವುಂಟು. ತರಗತಿಯಲ್ಲಿ ಬೆತ್ತವು ಯಾವಾಗಲೂ ಒಬ್ಬರ ಕೈಯಲ್ಲಿ, ಬಾಸುಂಡೆಯು ಯಾವಾಗಲೂ ಇನ್ನೊಬ್ಬರ ಅಂಗೈಯಲ್ಲಿ. ಏಟಾದ ಮೇಲೆ ಸಂತೈಸುವ ಪದ್ಧತಿಯಂತೂ ದೂರದ ಮಾತು.

‘ಶಿಕ್ಷಣ’ ಮತ್ತು ‘ಶಿಕ್ಷೆ’ ಒಂದೇ ಬೇರಿನ ಮಾತುಗಳೆಂದು ಬೆತ್ತದ ಪಕ್ಷದವರು ವಾದಿಸುವುದುಂಟು. ನಿಜ, ಆದರೆ ಆ ಬೇರಿನ ಅರ್ಥವು ಕಲಿಯುವುದು, ಹೊಡೆಯುವುದಲ್ಲ. ಈ ಅರ್ಥವನ್ನು ಲೋಕವು ತಡವಾಗಿ ಕಂಡುಕೊಂಡಿತು. ಮಕ್ಕಳನ್ನು ಮನೆಯಲ್ಲಿಯೂ ಹೊಡೆಯಕೂಡದೆಂದು ಸ್ವೀಡನ್ ದೇಶವು 1979ರಲ್ಲಿ ಕಾನೂನು ಮಾಡಿತು. ಜರ್ಮನಿಯು ಹಿಂಸೆಯಿಲ್ಲದೆ ಬೆಳೆಯುವ ಹಕ್ಕನ್ನು ಮಕ್ಕಳಿಗೆ ಕೊಟ್ಟುದು 2000ದಲ್ಲಿ, ಎಂದರೆ ಪೇನ್‌ಸ್ಟೇಷನ್ ಹುಟ್ಟುವುದಕ್ಕೆ ಒಂದು ವರ್ಷ ಮೊದಲು. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ಶಾಲೆಯಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಕಾನೂನು ಬಂದುದರಿಂದಲೇ ಕೈ ತಡೆಯುವುದೆಂದು ನಂಬುವಂತಿಲ್ಲ, ಮನಸ್ಸು ಬದಲಾಗಬೇಕು. ಅದಕ್ಕೆ ಉಪದೇಶಕ್ಕಿಂತ ನಗೆಯೇ ಹೆಚ್ಚು ಉಪಕಾರಿ. ತಾನಾಗಿ ಒಪ್ಪಿದವರ ನಡುವೆ ಮಾತ್ರವೇ ಏಟು ವಿನೋದವಾಗಬಲ್ಲುದು. ಒಪ್ಪಿಗೆಯಿಲ್ಲದ ಕಡೆ ಅದಕ್ಕೆ ಯಾವ ಹೆಸರಿಟ್ಟರೂ ಅದು ಹಿಂಸೆಯೇ. ಈ ಪಾಠವನ್ನು ಕಲಿಸಲು ಒಂದು ತಮಾಷೆಯ ಯಂತ್ರ ಬೇಕಾಯಿತೆಂದು ನಾಚಬೇಕಾಗಿಲ್ಲ. ಕಲಿಯದೆ ಉಳಿದರೆ ಮಾತ್ರ ನಾಚಬೇಕು.